ಹಳೇ ಕಾರಿಗೆ ಕೈಗೆಟುಕುವ ರೇಡಿಯೇಟರ್: ಮಾಡಬೇಕಾದ್ದು, ಮಾಡಬಾರದ್ದು

ಮಾರುತಿ 800, ಓಮ್ನಿ, ಝೆನ್, ಪದ್ಮಿನಿ, ಅಂಬಾಸಿಡರ್. ಇಂಥ ಗಾಡಿಯನ್ನು ಇವತ್ತಿಗೂ ದಿನದ ಕೆಲಸಕ್ಕೆ ಓಡಿಸುತ್ತಿರುವವರಿಗೆ ಈ ಸೂಚನೆ. ಮಾರುಕಟ್ಟೆಗೆ ತರಕಾರಿ ಹಾಕುವವರು, ವಯಸ್ಸಾದ ಅಪ್ಪ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವವರು, ಮದುವೆಯ ಹೊಸದರಲ್ಲಿ ಕೊಂಡ ಕಾರನ್ನು ಮಕ್ಕಳು ಕಾಲೇಜು ಸೇರುವವರೆಗೂ ಜೋಪಾನ ಮಾಡಿಕೊಂಡು ಬಂದವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ರೇಡಿಯೇಟರ್ ಸೋರತೊಡಗಿದರೆ ಅವರ ಆ ತಿಂಗಳ ಲೆಕ್ಕವೇ ಏರುಪೇರಾಗುತ್ತದೆ. ಈ ವಿಷಯದಲ್ಲಿ ಅಂಗಡಿಯ ಚೌಕಾಸಿಯಿಂದ ಉಳಿಯುವುದು ಚೂರುಪಾರು. ದೊಡ್ಡ ಉಳಿತಾಯ ಇರುವುದು ಕೊಳ್ಳುವ ಮುಂಚಿನ ತಪಾಸಣೆಯಲ್ಲಿ, ನಿಮ್ಮ ಗಾಡಿಗೆ ಸರಿಯಾಗಿ ಕೂರುವ ಪೀಸನ್ನೇ ತರುವುದರಲ್ಲಿ. ಅಗ್ಗವೆಂದು ತಂದದ್ದು ಎಂಜಿನ್ನಿನ ಹೆಡ್ಡನ್ನು ಬಗ್ಗಿಸಿದರೆ ಉಳಿಸಿದ್ದರ ಹಲವು ಪಟ್ಟು ಕೈಬಿಟ್ಟು ಹೋಗುತ್ತದೆ. ಕೆಳಗೆ ಬೇಡ ಎಂದು ಬರೆದಿರುವುದನ್ನು ಮಾಡಲೇಬೇಡಿ.

ಕೊಳ್ಳಲು ಹೊರಡುವ ಮುಂಚೆ

ಕಾರು ಬಿಸಿಯಾಯಿತು ಎಂದಾಕ್ಷಣ ರೇಡಿಯೇಟರ್ ಹೋಯಿತು ಎಂದು ತೀರ್ಮಾನಿಸಬೇಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ಗ್ಯಾರೇಜುಗಳಲ್ಲಿ ಹೆಚ್ಚಾಗಿ ನಡೆಯುವುದು ಇಲ್ಲಿಯೇ. ರಬ್ಬರ್ ಹೋಗಿರುವ ಒಂದು ಮುಚ್ಚಳದ ದೆಸೆಯಿಂದ ಇಡೀ ರೇಡಿಯೇಟರ್ ಬದಲಾಗಿ, ಮರುವಾರವೇ ಗಾಡಿ ಮತ್ತೆ ಕುದಿಯುತ್ತದೆ.

ಹಾಗಾಗಿ ಮೊದಲು ಮುಚ್ಚಳ ನೋಡಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ತೆಗೆದು, ತಿರುಗಿಸಿ ಹಿಡಿಯಿರಿ. ಕೆಳಗಿನ ರಬ್ಬರ್ ವಾಷರ್ ಗಟ್ಟಿಯಾಗಿ ಬಿರುಕು ಬಿಟ್ಟಿದೆಯೇ? ನಡುವೆ ಇರುವ ಪುಟ್ಟ ವಾಲ್ವನ್ನು ಉಗುರಿನಿಂದ ಎಳೆದರೆ ಸರಾಗವಾಗಿ ಬಂದು ತಾನಾಗಿ ಹಿಂದಕ್ಕೆ ಕೂರುತ್ತದೆಯೇ? ಮುಚ್ಚಳದ ಮೇಲೆ 0.9 ಎಂದೋ 1.1 ಎಂದೋ ಅಚ್ಚಾಗಿರುತ್ತದೆ. ಅದು ಎಷ್ಟು ಒತ್ತಡ ತಡೆಯುತ್ತದೆ ಎಂಬುದರ ಅಳತೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಊರು. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. 0.9ರ ಮುಚ್ಚಳ ಬಿಗಿ ಹಿಡಿದಿದ್ದರೆ ಅದೇ ನೀರು 115 ಡಿಗ್ರಿ ದಾಟುವವರೆಗೆ ಕುದಿಯದೆ ತಡೆದುಕೊಳ್ಳುತ್ತದೆ. ಮುಚ್ಚಳ ಸಡಿಲವಾದರೆ ಈ ರಕ್ಷಣೆ ಅಷ್ಟೂ ಹೋಯಿತು. ಬದಲಿಸುವಾಗ ಅದೇ ಅಂಕಿಯದ್ದನ್ನೇ ತನ್ನಿ. ಹೆಚ್ಚು ಒಳ್ಳೆಯದಿರಬಹುದೆಂದು 0.9ರ ಜಾಗಕ್ಕೆ 1.1 ಹಾಕಬೇಡಿ, ಮುದಿಯಾದ ಟ್ಯಾಂಕ್ ಮತ್ತು ಹೋಸ್ ಆ ಒತ್ತಡವನ್ನು ತಾಳುವುದಿಲ್ಲ.

ಮುಂದೆ ಫ್ಯಾನ್. ಟ್ರಾಫಿಕ್ಕಿನಲ್ಲಿ ನಿಂತಾಗ ಮಾತ್ರ ಬಿಸಿಯಾಗಿ, ಹೆದ್ದಾರಿಗೆ ಬಿದ್ದ ಮೇಲೆ ಮುಳ್ಳು ಕೆಳಗಿಳಿದರೆ ಫ್ಯಾನಿನ ಮೇಲೆ ಅನುಮಾನ ಪಡಿ. ಊರೊಳಗೆ ಸರಿಯಾಗಿದ್ದು ಹೆದ್ದಾರಿಯ ವೇಗದಲ್ಲಿ, ಏರಿನಲ್ಲಿ ಬಿಸಿಯಾದರೆ ಆಗ ಒಳಗೆ ಕಟ್ಟಿಕೊಂಡಿರುವ ರೇಡಿಯೇಟರ್ ಮೇಲೆ ಅನುಮಾನ ಪಡಿ. ಮಾರುತಿ 800ರಂಥ ಗಾಡಿಯ ಎಲೆಕ್ಟ್ರಿಕ್ ಫ್ಯಾನ್‌ಗೆ ಶಾಖದ ಸ್ವಿಚ್ ಇರುತ್ತದೆ. ಅದು ಕೆಟ್ಟರೆ ಫ್ಯಾನ್ ತಿರುಗುವುದಿಲ್ಲ. ಆ ಸ್ವಿಚ್ ಹೊಸದು ಹಾಕಿಸಿ. ಫ್ಯಾನ್‌ಗೆ ಡೈರೆಕ್ಟ್ ಕನೆಕ್ಷನ್ ಕೊಡಿಸಿಕೊಂಡು ಅದನ್ನೇ ಕಾಯಂ ಮಾಡಬೇಡಿ. ಅಂಬಾಸಿಡರ್, ಪದ್ಮಿನಿಯವರು ಫ್ಯಾನ್ ಬೆಲ್ಟನ್ನು ಬೆರಳಿನಿಂದ ಒತ್ತಿ ಅದರ ಬಿಗಿ ನೋಡಿಕೊಳ್ಳಿ.

ವಾಟರ್ ಪಂಪ್, ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ವಾಟರ್ ಬಾಡಿ. ಅದರ ಕೆಳಗೆ ಒಂದು ಸಣ್ಣ ರಂಧ್ರ ಇರುತ್ತದೆ. ಅಲ್ಲಿಂದ ಹನಿ ಬೀಳುತ್ತಿದ್ದರೆ ಒಳಗಿನ ಸೀಲ್ ಹೋಗಿದೆ ಎಂದರ್ಥ. ನೀರು ಗಾಳಿಗೆ ಹಾರಿ ರೇಡಿಯೇಟರ್ ತಳದಲ್ಲಿ ಕಾಣಿಸಿಕೊಂಡು ದಾರಿ ತಪ್ಪಿಸುತ್ತದೆ. ಹೋಸ್‌ಗಳನ್ನು ಹಿಸುಕಿ ನೋಡಿ. ಕ್ಲಿಪ್ಪಿನ ಹತ್ತಿರ ಉಬ್ಬಿದ್ದರೆ, ಹಿಸುಕಿದಾಗ ಚರಚರ ಸದ್ದು ಬಂದರೆ ಬದಲಿಸಿ. ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಒದ್ದೆಯಾಗಿ ಸಿಹಿ ವಾಸನೆ ಹೊಡೆಯುತ್ತಿದ್ದರೆ ಸೋರುತ್ತಿರುವುದು ಹೀಟರ್ ಕೋರ್.

ಎಲ್ಲಕ್ಕಿಂತ ಮುಖ್ಯ ಹೆಡ್ ಗ್ಯಾಸ್ಕೆಟ್. ತಣ್ಣಗಿನ ಎಂಜಿನ್ನಿನ ಮುಚ್ಚಳ ತೆಗೆದು, ಸ್ಟಾರ್ಟ್ ಮಾಡಿಸಿ, ರೇಡಿಯೇಟರಿನ ಬಾಯಿಯಲ್ಲಿ ಗುಳ್ಳೆ ಬರುವುದನ್ನು ಗಮನಿಸಿ. ಶುರುವಿನಲ್ಲಿ ನಾಲ್ಕಾರು ಗುಳ್ಳೆ ಬಂದು ನಿಂತರೆ ಅದು ಒಳಗೆ ಸಿಕ್ಕಿಕೊಂಡಿದ್ದ ಗಾಳಿ. ನಿಲ್ಲದೆ ಬರುತ್ತಿದ್ದರೆ, ಆಕ್ಸಿಲರೇಟರ್ ಕೊಟ್ಟಾಗ ಹೆಚ್ಚಾದರೆ, ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದೆ. ಆಯಿಲ್ ಹಾಕುವ ಮುಚ್ಚಳದ ಒಳಭಾಗದಲ್ಲಿ ಕೆನೆಬಣ್ಣದ ಜಿಡ್ಡು, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ಇವೂ ಅದೇ ರೋಗದ ಲಕ್ಷಣ. ಹೀಗಿದ್ದಾಗ ರೇಡಿಯೇಟರ್ ಕೊಳ್ಳಬೇಡಿ. ಮೊದಲು ಹೆಡ್ ಇಳಿಸಿ ನೋಡಿಸಿ. ಗ್ಯಾಸ್ಕೆಟ್ ಸರಿಮಾಡದೆ ಹಾಕಿದ ಹೊಸ ರೇಡಿಯೇಟರನ್ನು ಆ ಒತ್ತಡವೇ ಸೀಳಿಬಿಡುತ್ತದೆ.

ಇಷ್ಟಾದ ಮೇಲೆ ಪ್ರೆಶರ್ ಟೆಸ್ಟ್ ಮಾಡಿಸಲೇಬೇಕು. ಮುಚ್ಚಳದ ಜಾಗಕ್ಕೆ ಕೈಪಂಪು ಕೂರಿಸಿ, ಮುಚ್ಚಳದ ಅಂಕಿಯಷ್ಟೇ ಒತ್ತಡ ಕೊಟ್ಟು, ಹತ್ತು ನಿಮಿಷ ಮುಳ್ಳು ಇಳಿಯದೆ ನಿಲ್ಲುತ್ತದೆಯೇ ಎಂದು ನೋಡುವ ಪರೀಕ್ಷೆ ಇದು. ಸಣ್ಣ ಖರ್ಚು. ಸೋರುವ ಜಾಗ ಕಣ್ಣಿಗೇ ಕಾಣುತ್ತದೆ. ಈ ಪರೀಕ್ಷೆ ಇಲ್ಲದೆಯೇ "ಸಾರ್, ಹೊಸದು ಹಾಕ್ಬಿಡಿ, ತಲೆನೋವೇ ಬೇಡ" ಅನ್ನುವವರಿಗೆ ತಲೆ ಅಲ್ಲಾಡಿಸಬೇಡಿ.

ಸೋರಿಕೆ ನಿಲ್ಲಲೆಂದು ರೇಡಿಯೇಟರಿಗೆ ಅರಿಶಿನ ಪುಡಿ ಸುರಿಯಬೇಡಿ. ಲಾರಿ ಚಾಲಕರ ಕಾಲದಿಂದ ಬಂದ ಉಪಾಯ ಇದು. ನಡುರಾತ್ರಿ ಊರಿಲ್ಲದ ಕಡೆ ಕೈಕೊಟ್ಟಾಗ ಹತ್ತಾರು ಕಿಲೋಮೀಟರ್ ದಾಟಿಸುತ್ತದೆ, ನಿಜ. ಆದರೆ ಆ ಪುಡಿ ತೂತನ್ನಷ್ಟೇ ಹುಡುಕಿಕೊಂಡು ಹೋಗಿ ಮುಚ್ಚುವುದಿಲ್ಲ. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ, ಹೀಟರಿನಲ್ಲಿ, ಥರ್ಮೋಸ್ಟಾಟಿನಲ್ಲಿ ಗಸಿಯಾಗಿ ಕೂರುತ್ತದೆ. ಮೊಟ್ಟೆಯ ಬಿಳಿ, ಬಾಟಲಿಯಲ್ಲಿ ಬರುವ ಸೋರಿಕೆ ತಡೆ ದ್ರವ ಎರಡಕ್ಕೂ ಇದೇ ಮಾತು. ವಿಧಿಯಿಲ್ಲದೆ ಹಾಕಿದ್ದರೆ ಊರು ಸೇರಿದ ಕೂಡಲೇ ಇಡೀ ವ್ಯವಸ್ಥೆಯನ್ನು ನೀರು ಹಾಯಿಸಿ ತೊಳೆಸಿ.

ರಿಪೇರಿಯೋ, ಕೋರ್ ಬದಲೋ, ಹೊಸದೋ

ಇದು ನಿಂತಿರುವುದು ನಿಮ್ಮ ರೇಡಿಯೇಟರ್ ಯಾವ ಲೋಹದ್ದು ಎಂಬುದರ ಮೇಲೆ. ಹಳೆಯ ಗಾಡಿಗಳದ್ದು ತಾಮ್ರದ ಕೋರ್, ಹಿತ್ತಾಳೆಯ ಟ್ಯಾಂಕ್, ಸೀಸ-ತವರದ ಬೆಸುಗೆ. ಕಪ್ಪು ಬಣ್ಣದ ಪದರವನ್ನು ಒಂದು ಮೂಲೆಯಲ್ಲಿ ಕೆರೆದರೆ ಹಳದಿ ಮಿನುಗುತ್ತದೆ. ಆಮೇಲಿನವು ಅಲ್ಯೂಮಿನಿಯಂ ಕೋರ್, ಮೇಲೆ ಕೆಳಗೆ ಪ್ಲಾಸ್ಟಿಕ್ ಟ್ಯಾಂಕ್. ಎರಡರ ನಡುವೆ ರಬ್ಬರ್ ಗ್ಯಾಸ್ಕೆಟ್ ಇಟ್ಟು ಅಲ್ಯೂಮಿನಿಯಂ ಹಲ್ಲುಗಳನ್ನು ಮಡಚಿ ಹಿಡಿಸಿರುತ್ತಾರೆ.

ತಾಮ್ರದ್ದಾದರೆ ಎಸೆಯಬೇಡಿ. ರೇಡಿಯೇಟರ್ ವರ್ಕ್ಸ್ ಎಂಬ ಬೋರ್ಡಿನ ಸಣ್ಣ ಅಂಗಡಿಗಳು ಬೆಂಗಳೂರಿನಲ್ಲಷ್ಟೇ ಅಲ್ಲ, ತಾಲ್ಲೂಕು ಕೇಂದ್ರಗಳ ಲಾರಿ ಸ್ಟ್ಯಾಂಡಿನ ಬಳಿಯೂ ಇರುತ್ತವೆ. ಅಲ್ಲಿಗೇ ಹೋಗಿ. ಬೆಸುಗೆ ಬಿಟ್ಟ ಕಡೆ ಮತ್ತೆ ಬೆಸುಗೆ ಹಾಕುವುದು ಅತಿ ಅಗ್ಗದ ದಾರಿ. ಒಳಗೆ ಕಟ್ಟಿಕೊಂಡಿದ್ದರೆ ಮೇಲಿನ ಟ್ಯಾಂಕ್ ಬಿಚ್ಚಿ, ಪ್ರತಿ ಕೊಳವೆಯಲ್ಲೂ ತೆಳ್ಳನೆಯ ಪಟ್ಟಿಯಂಥ ಸರಳನ್ನು ಆಡಿಸಿ ಕಿಟ್ಟ ತೆಗೆಯುತ್ತಾರೆ. ಅದಕ್ಕೆ ರಾಡ್ ಹಾಕುವುದು ಎನ್ನುತ್ತಾರೆ. ಕೆಲಸ ನಡೆಯುವಾಗ ಎದುರಿಗೇ ನಿಲ್ಲಿ. ಮೊದಲ ಸರಳು ಆಚೆ ಬದಿಯಲ್ಲಿ ತುಕ್ಕುಬಣ್ಣದ ಪುಡಿಯನ್ನು ತಳ್ಳಿಕೊಂಡು ಹೊರಬರುವುದನ್ನು ಒಮ್ಮೆ ನೋಡಿದವರಿಗೆ ತಮ್ಮ ಕಾರು ಘಟ್ಟದಲ್ಲಿ ಯಾಕೆ ಏದುಸಿರು ಬಿಡುತ್ತಿತ್ತು ಎಂದು ಯಾರೂ ವಿವರಿಸಬೇಕಾಗಿಲ್ಲ. ಕೊಳವೆಗಳೇ ತೂತುಬಿದ್ದಿದ್ದರೆ ಟ್ಯಾಂಕ್ ಉಳಿಸಿಕೊಂಡು ಕೋರ್ ಮಾತ್ರ ಹೊಸದು ಹಾಕಿಸಬಹುದು.

ಸೋರುವ ಕೊಳವೆಗಳನ್ನು ಎರಡೂ ತುದಿಯಲ್ಲಿ ಮುಚ್ಚಿಬಿಡುವ ರಿಪೇರಿಗೆ ಮಾತ್ರ ಮಿತಿ ಇರಲಿ. ಒಂದೆರಡು ಮುಚ್ಚಿದರೆ ನಡೆಯುತ್ತದೆ. ಸಾಲಿಗೆ ಸಾಲೇ ಮುಚ್ಚಿದರೆ ಸೋರುವುದು ನಿಲ್ಲುತ್ತದೆ, ತಣಿಸುವುದೂ ನಿಲ್ಲುತ್ತದೆ. ಎಷ್ಟು ಕೊಳವೆ ಮುಚ್ಚಿದಿರಿ ಎಂದು ಕೇಳಿ ತಿಳಿದುಕೊಳ್ಳಿ.

ಅಲ್ಯೂಮಿನಿಯಂ-ಪ್ಲಾಸ್ಟಿಕ್ಕಿನದಾದರೆ ಹೆಚ್ಚು ಯೋಚಿಸುವಂಥದ್ದಿಲ್ಲ. ಗ್ಯಾಸ್ಕೆಟ್ ಮಾತ್ರ ಹೋಗಿದ್ದರೆ ಹಲ್ಲು ಬಿಚ್ಚಿ ಹೊಸ ಗ್ಯಾಸ್ಕೆಟ್ ಹಾಕುವವರಿದ್ದಾರೆ. ಹಲ್ಲುಗಳು ಒಮ್ಮೆ ಬಿಚ್ಚಿಸಿಕೊಳ್ಳುವುದನ್ನು ತಾಳುತ್ತವೆ, ಪದೇ ಪದೇ ಬಿಚ್ಚಿದರೆ ಮುರಿಯುತ್ತವೆ. ಬಿರುಕು ಬಿಟ್ಟ ಪ್ಲಾಸ್ಟಿಕ್ ಟ್ಯಾಂಕಿಗೆ ಎಂ-ಸೀಲ್ ಮೆತ್ತಿ ಗಾಡಿ ಓಡಿಸಬೇಡಿ. ಬಿಸಿ, ತಣ್ಣನೆ, ಒತ್ತಡ ಮೂರೂ ಸೇರಿ ಅದನ್ನು ಕಿತ್ತುಹಾಕುತ್ತವೆ. ಅದು ಕಳಚಿಕೊಳ್ಳುವುದು ಮನೆಯ ಮುಂದೆ ನಿಂತಿರುವಾಗ ಅಲ್ಲ, ಎಂಜಿನ್ ಕಾದು ಒತ್ತಡ ಏರಿರುವಾಗ.

ನನ್ನ ಖಚಿತ ಅಭಿಪ್ರಾಯ ಇದು. ಮಾರುತಿ 800 ಮಾರಾಟಕ್ಕೆ ಬಂದದ್ದು 1983ರ ಕೊನೆಯಲ್ಲಿ, ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಮೂವತ್ತು ವರ್ಷ ಒಂದೇ ಹೆಸರಿನಲ್ಲಿ ಬಂದ ಕಾರಾದ್ದರಿಂದ ಬಿಡಿಭಾಗಗಳಿಗೆ ಬರವಿಲ್ಲ. ಅದಕ್ಕೆ ಹೊಸ ಅಲ್ಯೂಮಿನಿಯಂ ರೇಡಿಯೇಟರ್ ಕೊಳ್ಳುವುದು ತಾಮ್ರದ ಕೋರ್ ಬದಲಿಸುವುದಕ್ಕಿಂತ ಸಾಮಾನ್ಯವಾಗಿ ಅಗ್ಗ. ಅಂಬಾಸಿಡರ್, ಪದ್ಮಿನಿ, ಕಾಂಟೆಸ್ಸಾದವರ ಲೆಕ್ಕ ಇದಕ್ಕೆ ತದ್ವಿರುದ್ಧ. ಹೊಸದು ಎಂದು ಸಿಗುವುದರಲ್ಲಿ ಸರಿಯಾದದ್ದನ್ನು ಹೆಕ್ಕುವುದು ಕಷ್ಟ. ನಿಮ್ಮದೇ ಹಿತ್ತಾಳೆಯ ಟ್ಯಾಂಕ್ ಇಟ್ಟುಕೊಂಡು ಕೋರ್ ಬದಲಿಸಿ, ಅಳತೆ ಎಲ್ಲೂ ತಪ್ಪುವುದಿಲ್ಲ.

ಯಾವುದು ಬೇಕು ಎಂದು ಕಾಗದದ ಮೇಲಿರಲಿ

"ಮಾರುತಿಗೆ ಒಂದು ರೇಡಿಯೇಟರ್ ಕೊಡಿ" ಎಂದು ಕೇಳಬೇಡಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಈ ಮಾತಿಗೆ ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. 800 ಮತ್ತು ಓಮ್ನಿ ಎರಡರಲ್ಲೂ ಇರುವುದು 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ಹಾಗೆಂದು ಇದರ ರೇಡಿಯೇಟರ್ ಅದಕ್ಕೆ ಕೂರುತ್ತದೆ ಎಂದುಕೊಳ್ಳಬೇಡಿ. 800ರಲ್ಲೇ ಕಾರ್ಬುರೇಟರಿನದು, 2000ರ ಸುಮಾರಿಗೆ ಬಂದ ಎಂಪಿಎಫ್‌ಐ, ಎಸಿ ಇರುವುದು, ಇಲ್ಲದ್ದು ಎಂಬ ಭೇದಗಳಿವೆ. ಅಂಬಾಸಿಡರಿನಲ್ಲಿ 1489 ಸಿಸಿಯ ಹಳೆಯ ಎಂಜಿನ್ನೇ ಬೇರೆ, ತೊಂಬತ್ತರ ದಶಕದಲ್ಲಿ ಬಂದ ಇಸುಜು ಎಂಜಿನ್ನೇ ಬೇರೆ.

ಕಾಗದದ ಮೇಲೆ ಬರೆದುಕೊಳ್ಳಬೇಕಾದ್ದು: ಆರ್‌ಸಿಯಲ್ಲಿರುವ ತಯಾರಿಕೆಯ ತಿಂಗಳು ಮತ್ತು ವರ್ಷ, ಚಾಸಿಸ್ ಸಂಖ್ಯೆ, ಎಸಿ ಇದೆಯೇ ಇಲ್ಲವೇ, ಟ್ಯಾಂಕಿನ ಮೇಲಿನ ಭಾಗಸಂಖ್ಯೆ. ಸುಜುಕಿ ಪದ್ಧತಿಯ ಭಾಗಸಂಖ್ಯೆಯಲ್ಲಿ ರೇಡಿಯೇಟರಿನದು 17700 ಎಂದು ಶುರುವಾಗುತ್ತದೆ. ಗೀಟಿನ ಆಚೆಗಿನ ಅಕ್ಷರ ಅಂಕಿಗಳು ಮಾದರಿ ಯಾವುದೆಂದು ಹೇಳುತ್ತವೆ. ಮೊದಲ ಐದು ಅಂಕಿ ಹೊಂದಿತು ಎಂದು ಸಮಾಧಾನಪಡಬೇಡಿ, ಉಳಿದದ್ದೂ ಹೊಂದಬೇಕು. ಭಾಗಸಂಖ್ಯೆ ಅಳಿಸಿಹೋಗಿದ್ದರೆ ಅಧಿಕೃತ ಬಿಡಿಭಾಗದ ಕೌಂಟರಿನಲ್ಲಿ ಚಾಸಿಸ್ ಸಂಖ್ಯೆ ಕೊಟ್ಟು ಕೇಳಿ. ಅಲ್ಲಿನ ಬೆಲೆಯನ್ನೂ ಬರೆದುಕೊಳ್ಳಿ. ಹೊರಗಿನ ಪ್ರತಿಯೊಂದು ಬೆಲೆಯನ್ನೂ ಅದರ ಪಕ್ಕ ಇಟ್ಟು ತೂಗಿ.

ಸಾಧ್ಯವಿದ್ದರೆ ಹಳೆಯ ರೇಡಿಯೇಟರನ್ನೇ ಬಿಚ್ಚಿ ಜೊತೆಗೆ ಒಯ್ಯಿರಿ. ಇದಕ್ಕಿಂತ ಒಳ್ಳೆಯ ಗುರುತಿನ ಚೀಟಿ ಇಲ್ಲ. ಆಗದಿದ್ದರೆ ಟೇಪು ಹಿಡಿದು ಕೋರಿನ ಉದ್ದ, ಎತ್ತರ, ದಪ್ಪ, ಎರಡೂ ಹೋಸ್ ಬಾಯಿಯ ಹೊರ ಅಳತೆ, ಆ ಬಾಯಿಗಳು ಎಡಕ್ಕಿವೆಯೋ ಬಲಕ್ಕಿವೆಯೋ, ಫ್ಯಾನ್ ಸ್ವಿಚ್ ಕೂರುವ ತೂತು ಎಲ್ಲಿದೆ, ಕೆಳಗಿನ ಗೂಟಗಳ ನಡುವಿನ ಅಂತರ ಎಷ್ಟು ಎಂದು ಬರೆದು, ಮುಂದಿನಿಂದ ಹಿಂದಿನಿಂದ ಫೋಟೊ ತೆಗೆದುಕೊಳ್ಳಿ. ಗೇರ್ ತಾನಾಗಿ ಬದಲಾಗುವ ಗಾಡಿಯಾದರೆ ರೇಡಿಯೇಟರಿನ ಕೆಳ ಟ್ಯಾಂಕಿನಲ್ಲೇ ಗೇರ್ ಆಯಿಲ್ ತಣಿಸುವ ಕೊಳವೆ ಇರಬಹುದು. ಅದಕ್ಕೆ ಗುಜರಿಯದ್ದನ್ನು ಹಾಕಲೇಬೇಡಿ. ಒಳಗೆ ಬಿರುಕಿದ್ದರೆ ನೀರು ಗೇರ್‌ಬಾಕ್ಸ್ ಸೇರುತ್ತದೆ.

ದಪ್ಪ ಹೆಚ್ಚಿದ್ದರೆ ಒಳ್ಳೆಯದು ಎಂಬ ಮಾತಿಗೆ ಮರುಳಾಗಬೇಡಿ. ಎರಡು ಸಾಲಿನ ಕೋರಿಗೆ ತಣಿಸುವ ಶಕ್ತಿ ಹೆಚ್ಚು, ಸರಿ. ಆದರೆ ಅದು ಫ್ಯಾನ್‌ಗೆ ತಗಲುವಂತಿದ್ದರೆ ಅಥವಾ ಎಸಿ ಕಂಡೆನ್ಸರನ್ನು ಮುಂದಕ್ಕೆ ತಳ್ಳುವಂತಿದ್ದರೆ ಆ ಶಕ್ತಿಯಿಂದ ಏನೂ ಪ್ರಯೋಜನವಿಲ್ಲ. ಬಾಡಿಯ ತಗಡು ಕತ್ತರಿಸಿ, ಬ್ರಾಕೆಟ್ ಬೆಸೆದು ಕೂರಿಸುತ್ತೇವೆ ಎನ್ನುವವರಿಗೆ ಬೇಡ ಎನ್ನಿ.

ಗುಜರಿಯಲ್ಲಿ

ಬೆಂಗಳೂರಿನಲ್ಲಿ ಪುರಭವನದಿಂದ ಮಿನರ್ವ ವೃತ್ತದ ಕಡೆಗೆ ಚಾಚಿಕೊಂಡಿರುವ ಜೆ.ಸಿ. ರಸ್ತೆ ಹೊಸ ಬಿಡಿಭಾಗಗಳಿಗೆ, ಶಿವಾಜಿನಗರದ ಗುಜರಿ ಬಿಚ್ಚಿದ ಗಾಡಿಗಳ ಭಾಗಗಳಿಗೆ ಹೆಸರಾದ ಜಾಗ. ಗುಜರಿಯನ್ನು ಕೀಳಾಗಿ ನೋಡಬೇಡಿ. ಅಪಘಾತದಲ್ಲಿ ಹಿಂಬದಿ ಜಜ್ಜಿದ ಕಾರಿನ ರೇಡಿಯೇಟರ್ ಹೊಸದರಂತೆಯೇ ಇರುತ್ತದೆ. ಆದರೆ ಕಣ್ಣು, ಮೂಗು, ಬೆರಳು ಮೂರನ್ನೂ ಬಳಸಿ ಆರಿಸಬೇಕು.

ಮೊದಲು ಬೆರಳು. ಗಾಳಿ ಹಾಯುವ ಫಿನ್‌ಗಳ ಮೇಲೆ, ಅದರಲ್ಲೂ ತಳದ ಒಂದು ಗೇಣಿನಷ್ಟು ಜಾಗದಲ್ಲಿ ಉಗುರಿನಿಂದ ಮೆಲ್ಲಗೆ ಒತ್ತಿ. ಗಟ್ಟಿಯಾಗಿ ಬಾಗಿದರೆ ಜೀವ ಇದೆ. ಪುಡಿಯಾಗಿ ಉದುರಿದರೆ ಅಲ್ಲಿಗೇ ಬಿಟ್ಟು ಎದ್ದುಬನ್ನಿ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಓಡಿದ ಗಾಡಿಯ ಫಿನ್‌ಗಳು ಬೇಗ ಹೀಗಾಗುತ್ತವೆ. ಹೊರಗೆ ಹೊಸ ಕಪ್ಪು ಬಣ್ಣ ಹೊಡೆದಿದ್ದರೆ ಇನ್ನೂ ಜೋರಾಗಿ ಒತ್ತಿ ನೋಡಿ. ಆಮೇಲೆ ಕಣ್ಣು. ಮುಚ್ಚಳ ತೆಗೆದು ಬಾಯಿಯೊಳಗೆ ಮೊಬೈಲಿನ ಟಾರ್ಚ್ ಬಿಟ್ಟು ನೋಡಿ. ಕೊಳವೆಗಳ ಚಪ್ಪಟೆ ತುದಿಗಳು ಸಾಲಾಗಿ ಕಾಣುತ್ತವೆ. ಅವುಗಳ ಬಾಯಿ ಬಿಳಿ ಸುಣ್ಣದಿಂದಲೋ ಕಂದು ಕೆಸರಿನಿಂದಲೋ ಅರ್ಧ ಮುಚ್ಚಿದ್ದರೆ ಅದು ಬೋರ್‌ವೆಲ್ ನೀರು ಕುಡಿದ ರೇಡಿಯೇಟರ್. ಬೆಸುಗೆಯ ಸಾಲಿನಲ್ಲಿ ಹಸಿರು ಕಲೆ, ಪ್ಲಾಸ್ಟಿಕ್ ಟ್ಯಾಂಕಿನ ಅಂಚಿನಲ್ಲಿ ಬಿಳಿ ಹುಡಿ, ಎರಡೂ ಸೋರಿದ ಗುರುತು. ಹೋಸ್ ಬಾಯಿಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಇದೆಯೇ ಎಂದು ಸುತ್ತಲೂ ನೋಡಿ. ಕೊನೆಗೆ ಮೂಗು: ಮಸಾಲೆಯ ಘಮ ಬಂದರೆ, ಒಳಗೆ ಹಳದಿ ಗಸಿ ಕಂಡರೆ, ಅರಿಶಿನ ಹಾಕಿದ್ದಾರೆ. ಬೇಡ.

ಪಾಸಾದ ಪೀಸಿಗೆ ಎರಡು ಪರೀಕ್ಷೆ ಮಾಡಿಸಿ. ಕೆಳಬಾಯಿ ಬಿಟ್ಟು ಮೇಲಿನಿಂದ ಒಂದು ಬಕೆಟ್ ನೀರು ಸುರಿದರೆ ದಬದಬನೆ ಹೊರಬರಬೇಕು. ಮೇಲೆಯೇ ತುಂಬಿ ಹೊರಚೆಲ್ಲಿದರೆ ಒಳಗೆ ಕಟ್ಟಿದೆ. ಆಮೇಲೆ ಬಾಯಿಗಳಿಗೆ ರಬ್ಬರ್ ಬಿರಡೆ ಹಾಕಿ, ಗಾಳಿ ತುಂಬಿ, ತೊಟ್ಟಿಯಲ್ಲಿ ಮುಳುಗಿಸಿ ಒಂದೆರಡು ನಿಮಿಷ ಹಿಡಿದರೆ ಒಂದೇ ಒಂದು ಗುಳ್ಳೆಯೂ ಬರಬಾರದು. ಪಕ್ಕದ ರೇಡಿಯೇಟರ್ ವರ್ಕ್ಸಿಗೆ ಹೋಗಿ ಈ ಪರೀಕ್ಷೆ ಮಾಡಿಸಲು ಒಪ್ಪದ ವ್ಯಾಪಾರಿಯ ಹತ್ತಿರ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಮುಖ ನೋಡಿ ಮಣೆ ಹಾಕುವ ಮಾರುಕಟ್ಟೆ ಇದು; ಕಡೇಪಕ್ಷ ಮೂರು ಕಡೆ ಬೆಲೆ ಕೇಳದೆ ಮಾತು ಕೊಡಬೇಡಿ. ಬಿಲ್ಲೋ, ಅಂಗಡಿಯ ಚೀಟಿಯೋ ಕೇಳಿ ಪಡೆಯಿರಿ. ಎಲ್ಲಿಂದ ಬಂತೆಂದು ಹೇಳದ ಮಾಲು ಬೇಡ. ಕದ್ದ ಮಾಲೆಂದು ಗೊತ್ತಿದ್ದೂ ಕೊಳ್ಳುವುದು ಅಪರಾಧ, ಮತ್ತು ಆ ಕದ್ದ ಗಾಡಿ ನಿಮ್ಮಂಥವರೇ ಯಾರದ್ದೋ ಆಗಿರುತ್ತದೆ.

ಹೊಸ ಪೀಸ್

ಕಂಪನಿಯ ಡಬ್ಬಿಯಲ್ಲಿ ಬರುವುದು, ಬೇರೆ ತಯಾರಕರ ಹೆಸರಿನಲ್ಲಿ ಬರುವುದು, ಹೆಸರೇ ಇಲ್ಲದ ಲೋಕಲ್ ಎಂದು ಮೂರು ತರಹ ಸಿಗುತ್ತದೆ. ನಡುವಿನದ್ದನ್ನು ನೋಡಿ. ವಡೋದರದ ಬ್ಯಾಂಕೊದಂಥ ತಯಾರಕರು ದಶಕಗಳಿಂದ ರೇಡಿಯೇಟರನ್ನೇ ಮಾಡಿಕೊಂಡು ಬಂದವರು. ಕಂಪನಿಯ ಡಬ್ಬಿಗಿಂತ ಬೆಲೆ ಕಡಿಮೆ, ಗುಣಕ್ಕೆ ಮೋಸವಿಲ್ಲ. ಹೆಸರಿಲ್ಲದ ಡಬ್ಬಿಯ ವ್ಯತ್ಯಾಸ ಕೈಗೆ ಸಿಗುತ್ತದೆ: ಫಿನ್‌ಗಳು ವಿರಳವಾಗಿರುತ್ತವೆ, ಟ್ಯಾಂಕಿನ ಅಂಚು ಒರಟಾಗಿರುತ್ತದೆ, ನೀರು ಬಿಡುವ ತಿರುಪು ಎರಡು ಸುತ್ತಿಗೇ ಅಲ್ಲಾಡುತ್ತದೆ.

ಜಿಎಸ್‌ಟಿ ಬಿಲ್ ಇಲ್ಲದೆ ಹೊಸದನ್ನು ಕೊಳ್ಳಬೇಡಿ. ಬಿಲ್ಲಿಲ್ಲದಿದ್ದರೆ ವಾರಂಟಿಯೂ ಇಲ್ಲ. ವಾಹನದ ಬಿಡಿಭಾಗಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ಡಬ್ಬಿಯ ಮೇಲೆ ಅದಕ್ಕಿಂತ ಹಿಂದಿನ ತಿಂಗಳ ಚೀಟಿ, ಹಳೆಯ ಎಂಆರ್‌ಪಿ ಇದ್ದರೆ ಇಳಿದ ತೆರಿಗೆಯಲ್ಲಿ ಲೆಕ್ಕ ಹಾಕಲು ಹೇಳಿ.

ಮನೆಗೆ ತರಿಸಿಕೊಳ್ಳುವವರು ಡಬ್ಬಿ ಒಡೆಯುವಾಗ ವಿಡಿಯೊ ಮಾಡಿಕೊಳ್ಳಿ. ದಾರಿಯಲ್ಲಿ ಮೂಲೆ ಜಜ್ಜಿ ಬರುವುದು ಮಾಮೂಲು. ಹಳೆಯದರ ಪಕ್ಕ ಇಟ್ಟು ಹೋಲಿಸುವವರೆಗೆ ಹೋಸ್ ಬಾಯಿಯ ಪ್ಲಾಸ್ಟಿಕ್ ಬಿರಡೆಗಳನ್ನು ಕೀಳಬೇಡಿ.

ಬೆಲೆಯನ್ನು ರೇಡಿಯೇಟರಿನದ್ದೊಂದೇ ಎಂದು ಲೆಕ್ಕ ಹಾಕಬೇಡಿ. ಮುಚ್ಚಳ, ಎರಡು ಹೋಸ್, ಕ್ಲಿಪ್‌ಗಳು, ತಳದ ರಬ್ಬರ್ ಬುಷ್, ಕೂಲೆಂಟ್, ಕೂಲಿ ಎಲ್ಲವನ್ನೂ ಕೂಡಿಸಿ. ಇವುಗಳಲ್ಲಿ ಯಾವುದನ್ನಾದರೂ ಕೈಬಿಟ್ಟು ಉಳಿಸುವುದು ಉಳಿತಾಯವಲ್ಲ.

ಕೂರಿಸುವಾಗ

ಬ್ಯಾಟರಿಯ ತಂತಿ ಬಿಚ್ಚಿಸಿ. ಎಲೆಕ್ಟ್ರಿಕ್ ಫ್ಯಾನ್ ಎಂಜಿನ್ ನಿಂತಿದ್ದರೂ ತಿರುಗಬಲ್ಲದು, ಬೆರಳು ಹೋಗುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳವನ್ನು ಬಟ್ಟೆ ಸುತ್ತಿಕೊಂಡೂ ತೆಗೆಯಬೇಡಿ. ಒತ್ತಡ ಬಿಟ್ಟ ಕ್ಷಣದಲ್ಲಿ ಒಳಗಿನ ನೀರೆಲ್ಲ ಕುದಿದು ಮುಖಕ್ಕೆ ಚಿಮ್ಮುತ್ತದೆ. ಸುಟ್ಟ ಮುಖ, ಕಳೆದುಹೋದ ಕಣ್ಣು ಯಾವ ಬೆಲೆಗೂ ಮರಳಿ ಸಿಗುವುದಿಲ್ಲ.

ತಳದ ರಬ್ಬರ್ ಬುಷ್‌ಗಳನ್ನು ಹಾಕಿಸಲೇಬೇಕು. ಅವಿಲ್ಲದಿದ್ದರೆ ರಸ್ತೆಯ ಪ್ರತಿ ಗುಂಡಿಯ ಹೊಡೆತ ನೇರ ಟ್ಯಾಂಕಿಗೆ ಬೀಳುತ್ತದೆ. ಫ್ಯಾನಿನ ಸುತ್ತಲಿನ ಗೂಡನ್ನು ಮತ್ತೆ ಕೂರಿಸುವುದು ಕಷ್ಟವೆಂದು ಮೂಲೆಗೆಸೆದರೆ ಒಪ್ಪಬೇಡಿ. ಗಾಳಿ ಇಡೀ ಕೋರಿನ ಮೂಲಕ ಎಳೆಯಲ್ಪಡುವುದು ಅದರಿಂದಲೇ. ಪ್ಲಾಸ್ಟಿಕ್ ಬಾಯಿಗೆ ಕ್ಲಿಪ್ ಬಿಗಿಯುವಾಗ ಬಲ ಪ್ರಯೋಗ ಬೇಡ. ಬೈಂಡಿಂಗ್ ವೈರ್ ಸುತ್ತಿ ಮುಗಿಸಲು ಬಿಡಬೇಡಿ.

ಥರ್ಮೋಸ್ಟಾಟ್ ತೆಗೆದುಹಾಕುವುದು ನಮ್ಮ ಗ್ಯಾರೇಜುಗಳ ಹಳೆಯ ಚಾಳಿ. "ಇದು ನಮ್ಮ ಹವಾಗೆ ಬೇಡ ಅಣ್ಣ" ಎನ್ನುತ್ತಾರೆ. ಬೇಕು. ಎಂಜಿನ್ 80ರಿಂದ 90 ಡಿಗ್ರಿಯ ಸುಮಾರಿನಲ್ಲಿ ಕೆಲಸ ಮಾಡುವಂತೆ ರೂಪಿಸಿದ್ದು. ಅದಕ್ಕಿಂತ ತಣ್ಣಗಿದ್ದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ. ಕುದಿವ ನೀರಿನ ಪಾತ್ರೆಯಲ್ಲಿ ಬಿಟ್ಟಾಗ ಅದು ಬಾಯಿ ತೆರೆಯುವುದನ್ನು ನೋಡಿಯೇ ಹಾಕಿಸಿ.

ತುಂಬುವಾಗ ಅವಸರ ಬೇಡ. ಹೀಟರ್ ಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿ, ನಿಧಾನವಾಗಿ ಸುರಿದು, ಎಂಜಿನ್ ಓಡಿಸಿ, ಗುಳ್ಳೆ ನಿಂತು ಮಟ್ಟ ಇಳಿದಂತೆ ಮತ್ತೆ ತುಂಬಿ ಮುಚ್ಚಳ ಹಾಕಿ. ಫ್ಯಾನ್ ಒಮ್ಮೆ ತಿರುಗಿ ನಿಂತು, ಎರಡನೇ ಸಲ ತಿರುಗುವವರೆಗೆ ಗ್ಯಾರೇಜು ಬಿಡಬೇಡಿ. ಎಂಜಿನ್ ಸೀಟಿನಡಿ, ರೇಡಿಯೇಟರ್ ಮುಂದೆ ಇರುವ ಓಮ್ನಿಯಲ್ಲಿ ಕೊಳವೆಗಳು ಉದ್ದ, ಗಾಳಿ ಹೊರಬರುವುದು ಇನ್ನೂ ನಿಧಾನ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ನೋಡಿ.

ನೀರು, ಕೂಲೆಂಟ್

ಹೊಸ ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಬೇಡಿ. ಕೋಲಾರ, ಚಿತ್ರದುರ್ಗ, ಬೆಂಗಳೂರಿನ ಹೊರವಲಯದ ಗಡಸು ನೀರು ಬಕೆಟ್ಟಿನ ಅಂಚಿನಲ್ಲಿ ಬಿಡುವ ಬಿಳಿ ಕಲೆಯನ್ನೇ ಕೊಳವೆಯೊಳಗೂ ಬಿಡುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕಿ. ಹಿಮ ಬೀಳದ ನಾಡಿನಲ್ಲಿ ಕೂಲೆಂಟ್ ಯಾಕೆ ಎಂದು ಕೇಳುವವರಿದ್ದಾರೆ. ಅದರಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿವೆ. ಅಲ್ಯೂಮಿನಿಯಂ ಹೆಡ್, ಅಲ್ಯೂಮಿನಿಯಂ ಕೋರ್ ಎರಡನ್ನೂ ಉಳಿಸುವುದು ಅವೇ. ಗಾಢ ಕೂಲೆಂಟ್ ಆದರೆ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಮಾಡಬೇಡಿ, ಅರ್ಧಕ್ಕಿಂತ ಹೆಚ್ಚು ಬೇಡ. ನೀರು ಬೆರೆಸಿಯೇ ಬರುವ ಡಬ್ಬಿಗೆ ಮತ್ತೆ ನೀರು ಬೆರೆಸಬೇಡಿ. ಹಸಿರಿಗೆ ಹಸಿರು ಎಂದು ಬಣ್ಣ ನೋಡಿ ಮಿಶ್ರ ಮಾಡಬೇಡಿ. ಬಣ್ಣಕ್ಕೂ ಒಳಗಿನ ರಾಸಾಯನಿಕಕ್ಕೂ ಕಟ್ಟುನಿಟ್ಟಾದ ನಂಟಿಲ್ಲ. ಹಳೆಯದನ್ನು ಪೂರ್ತಿ ಬಸಿದು, ತೊಳೆದು, ಒಂದೇ ಜಾತಿಯದ್ದನ್ನು ತುಂಬಿ.

ದಾರಿಯಲ್ಲಿ ಕುದಿದರೆ

ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಮುಳ್ಳು ಕೆಂಪಿಗೆ ಏರಿತೆಂದರೆ ಇನ್ನೊಂದು ತಿರುವು ದಾಟಿಬಿಡೋಣ ಎನ್ನಬೇಡಿ. ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ, ಮೊದಲು ಸಿಗುವ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ. ಬಾನೆಟ್ ಎತ್ತಿ ಕಾಯಿರಿ. ಕಾದ ಎಂಜಿನ್ನಿಗೆ ಹಳ್ಳದ ತಣ್ಣೀರು ಎರಚಬೇಡಿ, ಒಳಗೂ ಸುರಿಯಬೇಡಿ. ಮಾರುತಿಯ ಹೆಡ್ ಅಲ್ಯೂಮಿನಿಯಂ, ಥಟ್ಟನೆ ತಣಿದರೆ ಸೊಟ್ಟಗಾಗುತ್ತದೆ, ಆಮೇಲೆ ಫೇಸಿಂಗ್‌ಗೆ ಲೇತ್ ಅಂಗಡಿ ಹುಡುಕಬೇಕಾಗುತ್ತದೆ. ಅಂಬಾಸಿಡರಿನ ಹಳೆಯ ಬೀಡುಕಬ್ಬಿಣದ ಹೆಡ್ಡೂ ಬಿರುಕು ಬಿಡಬಹುದು.

ಬಿಚ್ಚಿದ ಹಳೆಯದು

ತಾಮ್ರದ ಹಳೆಯ ರೇಡಿಯೇಟರನ್ನು ಗ್ಯಾರೇಜಿನಲ್ಲಿ ಸುಮ್ಮನೆ ಬಿಟ್ಟುಬರಬೇಡಿ. ಅದಕ್ಕೆ ತೂಕದ ಬೆಲೆ ಇದೆ. ಹೊಸದರ ಬೆಲೆಯಲ್ಲಿ ವಜಾ ಮಾಡಿಸಿಕೊಳ್ಳಿ, ಇಲ್ಲವೇ ನೀವೇ ತೂಕಕ್ಕೆ ಹಾಕಿ. ಮೊದಲು ಒಳಗಿನ ನೀರೆಲ್ಲ ಬಸಿಯಲಿ.

ಬಸಿದ ಕೂಲೆಂಟನ್ನು ಚರಂಡಿಗೆ, ಗಿಡದ ಬುಡಕ್ಕೆ, ರಸ್ತೆಯಂಚಿಗೆ ಚೆಲ್ಲಬೇಡಿ, ಮೆಕ್ಯಾನಿಕ್ ಚೆಲ್ಲಲು ಹೊರಟರೂ ತಡೆಯಿರಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ಬೀದಿನಾಯಿ, ಬೆಕ್ಕು, ದನ ನೆಕ್ಕುತ್ತವೆ. ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮಕ್ಕಳಿಗೂ ಅದೇ ಅಪಾಯ. ತಂಪುಪಾನೀಯದ ಬಾಟಲಿಯಲ್ಲಿ ತುಂಬಿಡಬೇಡಿ. ಮುಚ್ಚಳ ಬಿಗಿಯಾಗಿರುವ ಕ್ಯಾನಿನಲ್ಲಿ ಸುರಿದು, ಮೇಲೆ ವಿಷ ಎಂದು ದೊಡ್ಡದಾಗಿ ಬರೆದು, ಹಳೆಯ ಆಯಿಲ್ ಮತ್ತು ಕೂಲೆಂಟ್ ಸಂಗ್ರಹಿಸುವ ಸರ್ವಿಸ್ ಸೆಂಟರಿಗೆ ಕೊಡಿ.